ಪೆಟ್ರೋಲ್ ಪೈಪಿಗೆ ಅಯಸ್ಕಾಂತ: ಉಳಿತಾಯ ಎಲ್ಲಿಂದ ಬರಬೇಕು?

ವಾಹನಗಳ ಬಿಡಿಭಾಗದ ಅಂಗಡಿಗಳಲ್ಲೂ ಆನ್‌ಲೈನ್ ಮಾರುಕಟ್ಟೆಯಲ್ಲೂ ‘ಫ್ಯುಯೆಲ್ ಸೇವರ್’ ಎಂಬ ಹೆಸರಿನಲ್ಲಿ ಸಿಗುವ ಒಂದು ಬಗೆಯ ಸಾಧನವನ್ನು ಬಿಚ್ಚಿ ನೋಡಿದರೆ ಒಳಗಿರುವುದು ಎರಡು ಅಯಸ್ಕಾಂತದ ತುಂಡುಗಳು ಮತ್ತು ಅವನ್ನು ಪೆಟ್ರೋಲ್ ಅಥವಾ ಡೀಸೆಲ್ ಪೈಪಿನ ಸುತ್ತ ಹಿಡಿದಿಡುವ ಪ್ಲಾಸ್ಟಿಕ್ ಕವಚ, ಅಷ್ಟೆ. ಪೈಪನ್ನು ಕತ್ತರಿಸಬೇಕಿಲ್ಲ, ವೈರಿಂಗ್ ಮುಟ್ಟಬೇಕಿಲ್ಲ. ಐದು ನಿಮಿಷದಲ್ಲಿ ಕೂಡಿಸಿ ಮುಗಿಸಬಹುದು. ಇಷ್ಟು ಮಾಡಿದರೆ ಮೈಲೇಜ್ ಶೇ. 10ರಿಂದ 30ರವರೆಗೆ ಏರುತ್ತದೆ, ಹೊಗೆ ತಗ್ಗುತ್ತದೆ, ಪಿಕಪ್ ಸುಧಾರಿಸುತ್ತದೆ ಎಂಬುದು ಮಾರುವವರ ಭರವಸೆ. ಈ ಭರವಸೆ ಹೊಸದಲ್ಲ. ತೈಲದ ಬೆಲೆ ಏರಿದಾಗಲೆಲ್ಲ ಹೊಸ ಹೆಸರು, ಹೊಸ ಡಬ್ಬಿಯೊಂದಿಗೆ ಅದು ಮರಳಿ ಬಂದಿದೆ.

ಈಗಿನ ಸಂದರ್ಭಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್, ಅಂದರೆ ಇ20, 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೌಲ್ ಶಕ್ತಿ ಇದ್ದರೆ ಒಂದು ಲೀಟರ್ ಎಥೆನಾಲಿನಲ್ಲಿ ಇರುವುದು ಸುಮಾರು 2.1 ಕೋಟಿ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಲೆಕ್ಕಕ್ಕೆ ಸಿಗುವ ಸಂಗತಿಯೇ ಹೊರತು ಚಾಲಕರ ಭ್ರಮೆಯಲ್ಲ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥೆನಾಲ್ ಮಿಶ್ರಣದ ಮಾರ್ಗಸೂಚಿಯೇ, ಶುದ್ಧ ಪೆಟ್ರೋಲಿಗೆಂದು ವಿನ್ಯಾಸಗೊಳಿಸಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು, ಅಂಥದೇ ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4ರಷ್ಟು ಇಳಿಕೆಯನ್ನು ಅಂದಾಜಿಸಿತ್ತು. ಕಳೆದುಹೋದ ಆ ಕಿಲೋಮೀಟರುಗಳನ್ನು ಹೇಗಾದರೂ ಹಿಂದಕ್ಕೆ ಪಡೆಯಬೇಕೆಂಬ ಆಸೆ ಸಹಜ. ಅಯಸ್ಕಾಂತದ ವ್ಯಾಪಾರ ನಿಂತಿರುವುದು ಈ ಆಸೆಯ ಮೇಲೆ.

ಸಾಧನ ಹೇಗೆ ಕೆಲಸ ಮಾಡುತ್ತದೆ ಎಂಬ ಚರ್ಚೆಗೆ ಸಾಮಾನ್ಯವಾಗಿ ಎಲ್ಲರೂ ನೇರವಾಗಿ ಇಳಿಯುತ್ತಾರೆ. ಅದಕ್ಕೂ ಮೊದಲು ಜಮಾ-ಖರ್ಚಿನ ಲೆಕ್ಕವೊಂದನ್ನು ನೋಡಬೇಕು. ಅಯಸ್ಕಾಂತ ಇಂಧನವನ್ನು ‘ಪೂರ್ಣವಾಗಿ ಉರಿಯುವಂತೆ’ ಮಾಡುತ್ತದೆ ಎನ್ನುವುದು ಎಲ್ಲ ಮಾರಾಟಗಾರರೂ ಒಪ್ಪುವ ಒಂದೇ ಮಾತು. ಹಾಗಿದ್ದರೆ ಈಗ ಉರಿಯದೆ ಹೋಗುತ್ತಿರುವ ಇಂಧನ ಎಷ್ಟು? ಉಳಿತಾಯ ಎಷ್ಟೇ ಇರಲಿ, ಅದು ಆ ಉರಿಯದ ಪಾಲಿನೊಳಗಿಂದಲೇ ಬರಬೇಕಷ್ಟೆ.

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಪ್ರಯೋಗಾಲಯ ಬೇಕಿಲ್ಲ, ಹೊಗೆಯ ಮೇಲಿನ ಸರ್ಕಾರಿ ಮಿತಿ ಸಾಕು. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್-6 ನಿಯಮದಂತೆ ಪೆಟ್ರೋಲ್ ಕಾರೊಂದು ಕಿಲೋಮೀಟರಿಗೆ ಉಗುಳಬಹುದಾದ ಉರಿಯದ ಹೈಡ್ರೋಕಾರ್ಬನ್ 0.1 ಗ್ರಾಂ, ಅರೆ ಉರಿದ ಕಾರ್ಬನ್ ಮಾನಾಕ್ಸೈಡ್ 1 ಗ್ರಾಂ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು ಕಿಲೋಮೀಟರಿಗೆ ಸುಮಾರು 50 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. ಕಾರ್ಬನ್ ಮಾನಾಕ್ಸೈಡಿನಲ್ಲಿ ಉಳಿದಿರುವ ಶಕ್ತಿ ಅಷ್ಟೇ ತೂಕದ ಪೆಟ್ರೋಲಿನ ಕಾಲು ಭಾಗಕ್ಕಿಂತ ಕಡಿಮೆ. ಎರಡನ್ನೂ ಕೂಡಿಸಿದರೆ, ನಿಯಮದ ಮಿತಿಯನ್ನು ಅಂಚಿನವರೆಗೂ ಬಳಸಿಕೊಂಡ ಕಾರಿನಲ್ಲಿ ಕೂಡ, ಸೈಲೆನ್ಸರಿನಿಂದ ಹೊರಬೀಳುವ ಉರಿಯದ ಶಕ್ತಿ ಶೇ. 1ನ್ನು ಮುಟ್ಟುವುದಿಲ್ಲ. ಹೊಗೆಯನ್ನು ಶುದ್ಧಗೊಳಿಸಲು ಸೈಲೆನ್ಸರಿನ ದಾರಿಯಲ್ಲಿ ಕೂಡಿಸಿರುವ ಕ್ಯಾಟಲಿಟಿಕ್ ಕನ್ವರ್ಟರ್ ಒಂದಷ್ಟನ್ನು ದಾರಿಯಲ್ಲೇ ಸುಟ್ಟುಬಿಡುತ್ತದೆ, ಅದನ್ನು ಎಂಜಿನ್ನಿನ ಸಾಧನೆ ಎನ್ನಲಾಗದು ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಕನ್ವರ್ಟರಿಗೆ ಮೊದಲು ಅಳೆದರೂ, ಬಿಸಿಯಾಗಿ ಸರಿಯಾಗಿ ಓಡುತ್ತಿರುವ ಎಂಜಿನ್ನಿನಲ್ಲಿ ಈ ಪಾಲು ಶೇ. 2-3ರ ಆಸುಪಾಸಿನಲ್ಲಿರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಇನ್ನೂ ಕಡಿಮೆ. ಒಂದು ವೇಳೆ ಶೇ. 20ರಷ್ಟು ಪೆಟ್ರೋಲ್ ನಿಜವಾಗಿಯೂ ಉರಿಯದೆ ಹೋಗುತ್ತಿದ್ದರೆ ಅದು ಕನ್ವರ್ಟರಿನೊಳಗೆ ಉರಿದು, ಅದರ ಒಳಗಿನ ಜೇನುಗೂಡಿನಂಥ ಭಾಗವನ್ನೇ ಕರಗಿಸಿಬಿಡುತ್ತಿತ್ತು.

ಪೆಟ್ರೋಲ್ ಎಂಜಿನ್ನಿನ ದಕ್ಷತೆ ಮೂರನೇ ಒಂದು ಭಾಗದಷ್ಟೇ ಎಂದು ನಾವು ಓದಿದ್ದೇವಲ್ಲ, ಉಳಿದದ್ದು ವ್ಯರ್ಥವಾಗುತ್ತಿದೆಯಲ್ಲ ಎಂದು ಕೇಳುವವರಿದ್ದಾರೆ. ಮಾರಾಟದ ಕರಪತ್ರಗಳು ಮಾಡುವ ಜಾಣತನ ಇಲ್ಲಿಯೇ ಇದೆ: ಎರಡು ಬೇರೆ ಬೇರೆ ಸಂಗತಿಗಳನ್ನು ಅವು ಒಂದೇ ಎಂಬಂತೆ ತೋರಿಸುತ್ತವೆ. ಇಂಧನ ಹೆಚ್ಚುಕಡಿಮೆ ಪೂರ್ತಿಯೇ ಉರಿಯುತ್ತದೆ. ಉರಿದು ಹುಟ್ಟಿದ ಶಾಖದಲ್ಲಿ ದೊಡ್ಡ ಪಾಲು ಹೊಗೆಯ ಜೊತೆಗೂ ರೇಡಿಯೇಟರಿನ ಮೂಲಕವೂ ಹೊರಗೆ ಹೋಗುತ್ತದೆ. ಶಾಖವನ್ನು ಚಲನೆಯಾಗಿ ಪರಿವರ್ತಿಸುವ ಯಾವ ಯಂತ್ರವೂ ಈ ತೆರಿಗೆಯನ್ನು ತಪ್ಪಿಸಿಕೊಳ್ಳಲಾಗದು. ಕಂಪ್ರೆಷನ್ ಅನುಪಾತ, ಘರ್ಷಣೆ, ವಾಲ್ವುಗಳ ಸಮಯ ಇವುಗಳನ್ನು ತಿದ್ದಿ ಅದನ್ನು ಸ್ವಲ್ಪ ತಗ್ಗಿಸಬಹುದು. ಪೈಪಿನ ಮೇಲೆ ಕೂತ ಅಯಸ್ಕಾಂತ ಇವುಗಳಲ್ಲಿ ಯಾವುದನ್ನೂ ಮುಟ್ಟುವುದಿಲ್ಲ.

ಹಳೆಯ ಟೂ-ಸ್ಟ್ರೋಕ್ ಸ್ಕೂಟರುಗಳ ಕಾಲದಲ್ಲಿ ಮಾತ್ರ ಉರಿಯದ ಪೆಟ್ರೋಲ್ ನಿಜವಾಗಿಯೂ ಧಾರಾಳವಾಗಿತ್ತು. ಸಿಲಿಂಡರಿನೊಳಗೆ ಬರುವ ಹೊಸ ಮಿಶ್ರಣವೇ ಹಳೆಯ ಹೊಗೆಯನ್ನು ತಳ್ಳಿ ಹೊರಹಾಕುವ ವಿನ್ಯಾಸವಾದ್ದರಿಂದ, ಆ ಮಿಶ್ರಣದಲ್ಲಿ ಗಣನೀಯ ಭಾಗ ಕಿಡಿಯನ್ನೇ ಕಾಣದೆ ನೇರವಾಗಿ ಸೈಲೆನ್ಸರಿಗೆ ಹೋಗುತ್ತಿತ್ತು. ‘ಅರ್ಧಂಬರ್ಧ ಉರಿಯುವ ಎಂಜಿನ್’ ಎಂಬ ಕಲ್ಪನೆ ನಮ್ಮ ಗ್ಯಾರೇಜುಗಳಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಲು ಆ ನೀಲಿ ಹೊಗೆಯೂ ಒಂದು ಕಾರಣವಿರಬೇಕೆಂದು ನನಗೆ ಅನ್ನಿಸುತ್ತದೆ. ಆದರೆ ಆ ನಷ್ಟ ಪೋರ್ಟುಗಳ, ಅಂದರೆ ಸಿಲಿಂಡರಿನ ಗೋಡೆಯಲ್ಲಿ ಮಿಶ್ರಣ ಮತ್ತು ಹೊಗೆ ಹಾಯುವ ಕಿಂಡಿಗಳ, ವಿನ್ಯಾಸದ್ದೇ ಹೊರತು ಪೆಟ್ರೋಲಿನ ಗುಣದ್ದಲ್ಲ. ಅದನ್ನು ತಡೆದದ್ದು ಫೋರ್-ಸ್ಟ್ರೋಕ್ ಎಂಜಿನ್.

ಇನ್ನು ವಿವರಣೆಗಳ ವಿಷಯ. ಇಂಧನದ ಅಣುಗಳು ಗುಂಪುಗುಂಪಾಗಿ ಅಂಟಿಕೊಂಡಿರುತ್ತವೆ, ಕಾಂತಕ್ಷೇತ್ರ ಆ ಗುಂಪುಗಳನ್ನು ಒಡೆಯುತ್ತದೆ, ಬಿಡಿಬಿಡಿಯಾದ ಅಣುಗಳಿಗೆ ಆಮ್ಲಜನಕ ಸುಲಭವಾಗಿ ಸಿಗುತ್ತದೆ ಎನ್ನುವುದು ಮೊದಲನೆಯದು. ಇದಕ್ಕೆ ಪುಷ್ಟಿಯಾಗಿ ಡಚ್ ವಿಜ್ಞಾನಿ ವ್ಯಾನ್ ಡರ್ ವಾಲ್ಸ್ ಹೆಸರನ್ನು ಎಳೆದು ತರುವುದುಂಟು. ಆತನಿಗೆ 1910ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು ನಿಜ. ಆದರೆ ಅದು ಅನಿಲ ಮತ್ತು ದ್ರವಗಳ ಸ್ಥಿತಿಯನ್ನು ವಿವರಿಸುವ ಸಮೀಕರಣಕ್ಕೆ. ಅಯಸ್ಕಾಂತಕ್ಕೂ ಆ ಬಹುಮಾನಕ್ಕೂ ಸಂಬಂಧವಿಲ್ಲ. ಪೆಟ್ರೋಲಿನ ಅಣುಗಳ ನಡುವೆ ಆತನ ಹೆಸರಿನ ದುರ್ಬಲ ಸೆಳೆತ ಇರುವುದೂ ನಿಜವೇ. ಆ ಸೆಳೆತ ಇಲ್ಲದಿದ್ದರೆ ಪೆಟ್ರೋಲ್ ದ್ರವವಾಗಿಯೇ ಉಳಿಯುತ್ತಿರಲಿಲ್ಲ. ಆದರೆ ಇಂಜೆಕ್ಟರಿನಿಂದ ಸಿಡಿದ ಹನಿ ಬಿಸಿಗೆ ಆವಿಯಾಗುವಾಗ ಆ ಸೆಳೆತ ತಾನಾಗಿಯೇ ಕಳಚಿಕೊಳ್ಳುತ್ತದೆ. ಉರಿಯುವುದು ಆವಿಯೇ ಹೊರತು ದ್ರವವಲ್ಲ, ಆದ್ದರಿಂದ ಪೈಪಿನೊಳಗೆ ಅಣುಗಳು ಹೇಗಿದ್ದವು ಎಂಬುದರ ನೆನಪು ಕಿಡಿ ಹಾರುವ ಹೊತ್ತಿಗೆ ಉಳಿದಿರುವುದಿಲ್ಲ.

ಎರಡನೆಯ ವಿವರಣೆ ಇನ್ನಷ್ಟು ವೈಜ್ಞಾನಿಕವಾಗಿ ಕೇಳಿಸುತ್ತದೆ. ಜಲಜನಕಕ್ಕೆ ‘ಆರ್ಥೋ’ ಮತ್ತು ‘ಪ್ಯಾರಾ’ ಎಂಬ ಎರಡು ರೂಪಗಳಿವೆ, ರಾಕೆಟ್ಟುಗಳಲ್ಲಿ ಇದು ಮುಖ್ಯ, ಅಯಸ್ಕಾಂತ ಒಂದನ್ನು ಇನ್ನೊಂದಾಗಿ ಬದಲಿಸುತ್ತದೆ ಎಂಬುದು ಅದರ ಸಾರ. ಈ ಎರಡು ರೂಪಗಳು ಇರುವುದು ಎರಡು ಜಲಜನಕ ಪರಮಾಣುಗಳು ಮಾತ್ರ ಸೇರಿ ಆದ ಅಣುವಿಗೆ. ಆ ಅನಿಲವನ್ನು ಸೊನ್ನೆಗಿಂತ ಸುಮಾರು 253 ಡಿಗ್ರಿ ಕೆಳಗೆ ತಣಿಸಿ ದ್ರವವಾಗಿ ಸಂಗ್ರಹಿಸುವಾಗ ಆರ್ಥೋ ರೂಪ ನಿಧಾನವಾಗಿ ಪ್ಯಾರಾ ಆಗುತ್ತ ಶಾಖ ಬಿಡುವುದರಿಂದ ದ್ರವ ಕುದಿದು ಹೋಗುತ್ತದೆ. ಅದಕ್ಕಾಗಿಯೇ ರಾಕೆಟ್ ಎಂಜಿನಿಯರುಗಳು ಇದರ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ. ಪೆಟ್ರೋಲಿನಲ್ಲಿ ಜಲಜನಕ ಇರುವುದು ಇಂಗಾಲಕ್ಕೆ ಕಟ್ಟುಬಿದ್ದು. ಅಲ್ಲಿ ಪರಿವರ್ತಿಸಲು ಆರ್ಥೋವೂ ಇಲ್ಲ, ಪ್ಯಾರಾವೂ ಇಲ್ಲ.

ಹಾಗಾದರೆ ಕಾಂತಕ್ಷೇತ್ರಕ್ಕೂ ಪೆಟ್ರೋಲಿಗೂ ಸಂಬಂಧವೇ ಇಲ್ಲವೆ? ಇದೆ, ಮತ್ತು ಅದನ್ನು ಅಳೆದವರಲ್ಲಿ ನಮ್ಮವರೂ ಇದ್ದಾರೆ. ಹೈಡ್ರೋಕಾರ್ಬನ್ನುಗಳು ‘ಡಯಾಮ್ಯಾಗ್ನೆಟಿಕ್’ ವಸ್ತುಗಳು. ಕಾಂತಕ್ಷೇತ್ರ ಅವನ್ನು ಸೆಳೆಯುವುದಿಲ್ಲ, ಅತಿ ಮೆಲ್ಲಗೆ ದೂರ ತಳ್ಳುತ್ತದೆ. ಬಲವಾದ ಕ್ಷೇತ್ರದಲ್ಲಿ ಬೆಂಜೀನಿನಂಥ ಚಪ್ಪಟೆ ಅಣುಗಳು ಒಂದಿಷ್ಟು ಒಂದೇ ದಿಕ್ಕಿಗೆ ವಾಲುತ್ತವೆ, ಆಗ ದ್ರವದಲ್ಲಿ ಬೆಳಕು ಸಾಗುವ ರೀತಿ ಬದಲಾಗುತ್ತದೆ. ಫ್ರಾನ್ಸಿನ ಕಾಟನ್ ಮತ್ತು ಮೂಟನ್ 1907ರಲ್ಲಿ ಗುರುತಿಸಿದ ಈ ಪರಿಣಾಮವನ್ನು 1920ರ ದಶಕದಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಅಣುಗಳ ರಚನೆಯನ್ನು ತಿಳಿಯುವ ಸಾಧನವಾಗಿ ಬಳಸಿದರು. ಅಯಸ್ಕಾಂತದ ಪರವಾಗಿ ವಾದಿಸುವವರು ಹಿಡಿದುಕೊಳ್ಳಬಹುದಾದ ಗಟ್ಟಿ ಹುಲ್ಲುಕಡ್ಡಿ ಇದೊಂದೇ. ಆದರೆ ಈ ವಾಲುವಿಕೆ ಎಷ್ಟು ಕ್ಷೀಣವೆಂದರೆ ಅದನ್ನು ಕಾಣಲು ಬಹು ಸೂಕ್ಷ್ಮವಾದ ಬೆಳಕಿನ ಉಪಕರಣಗಳು ಬೇಕಾದವು. ಕ್ಷೇತ್ರವನ್ನು ತೆಗೆದರೆ ಸಾಕು, ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗಕ್ಕೂ ಕಡಿಮೆ ಅವಧಿಯಲ್ಲಿ ಅಣುಗಳು ಮತ್ತೆ ಎತ್ತೆತ್ತಲೋ ತಿರುಗಿಕೊಳ್ಳುತ್ತವೆ.

ಈ ಕ್ಷೀಣತೆಯನ್ನು ಅಂಕಿಗಳಲ್ಲಿ ಹೇಳುವುದಾದರೆ, ಒಳ್ಳೆಯ ನಿಯೋಡಿಮಿಯಮ್ ಅಯಸ್ಕಾಂತಗಳ ನಡುವೆ 0.3 ಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಕ್ಷೇತ್ರವಿದೆ ಎಂದುಕೊಂಡರೆ, ಅದರೊಳಗಿರುವ ಒಂದು ಲೀಟರ್ ಪೆಟ್ರೋಲಿನ ಕಾಂತಶಕ್ತಿಯಲ್ಲಾಗುವ ಬದಲಾವಣೆ ಒಂದು ಜೌಲಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಅದೇ ಲೀಟರ್ ಉರಿದರೆ ಬರುವುದು 3.2 ಕೋಟಿ ಜೌಲ್. ಪ್ರತಿ ಅಣುವಿನ ಲೆಕ್ಕ ತೆಗೆದರೆ, ಕೋಣೆಯ ಉಷ್ಣತೆಯಲ್ಲಿ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಶಕ್ತಿಯ ಮುಂದೆ ಅಯಸ್ಕಾಂತದ ತಳ್ಳಾಟ ಕೋಟಿಯಲ್ಲಿ ಒಂದು ಪಾಲೂ ಅಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕ್ಷೇತ್ರ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಅರ್ಧ ಗಂಟೆ ಅದರೊಳಗೆ ಮಲಗಿ ಎದ್ದ ರೋಗಿಯ ದೇಹದ ಕೊಬ್ಬು, ಅದೂ ಉದ್ದನೆಯ ಹೈಡ್ರೋಕಾರ್ಬನ್ ಸರಪಳಿಗಳೇ, ಬೇರೆ ಯಾವುದೋ ಪದಾರ್ಥವಾಗಿ ಹೊರಬರುವುದಿಲ್ಲ. 1997ರಲ್ಲಿ ಆಂಡ್ರೆ ಗೈಮ್ ಮತ್ತು ಸಂಗಡಿಗರು ನೆದರ್‌ಲ್ಯಾಂಡ್ಸಿನ ನೈಮೇಖನ್‌ನಲ್ಲಿ ಸುಮಾರು 16 ಟೆಸ್ಲಾ ಕ್ಷೇತ್ರದಲ್ಲಿ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದರು. ಅದನ್ನು ಎತ್ತಿ ಹಿಡಿದದ್ದು ಇದೇ ಡಯಾಮ್ಯಾಗ್ನೆಟಿಕ್ ತಳ್ಳುವಿಕೆ. ಕೆಳಗಿಳಿದ ಕಪ್ಪೆ ಎಂದಿನಂತೆಯೇ ಇತ್ತು.

ನನ್ನ ಮಟ್ಟಿಗೆ ಇಡೀ ವಾದವನ್ನು ಇತ್ಯರ್ಥಗೊಳಿಸುವ ಅಂಶ ಭೌತಶಾಸ್ತ್ರದ ಪುಸ್ತಕದಲ್ಲಿಲ್ಲ, ಪೆಟ್ರೋಲ್ ಟ್ಯಾಂಕಿನೊಳಗಿದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಕಾರುಗಳಲ್ಲಿ ಟ್ಯಾಂಕಿನೊಳಗೆ ಮುಳುಗಿರುವ ವಿದ್ಯುತ್ ಪಂಪಿನ ಮೋಟಾರಿನಲ್ಲಿ ಸಾಮಾನ್ಯವಾಗಿ ಶಾಶ್ವತ ಅಯಸ್ಕಾಂತಗಳಿರುತ್ತವೆ, ಮತ್ತು ಪೆಟ್ರೋಲ್ ಆ ಮೋಟಾರಿನ ಒಡಲಿನ ಮೂಲಕವೇ, ಅಯಸ್ಕಾಂತಗಳನ್ನು ಸವರಿಕೊಂಡು, ಅದನ್ನು ತಂಪಾಗಿಸುತ್ತ ಹರಿಯುತ್ತದೆ. ಅಲ್ಲಿಂದ ಮುಂದೆ ಇಂಜೆಕ್ಟರಿಗೆ ಬಂದರೆ ಅದೂ ಸುರುಳಿ ಸುತ್ತಿದ ಒಂದು ವಿದ್ಯುತ್ಕಾಂತವೇ. ಅಂದರೆ ಕಾಂತಕ್ಷೇತ್ರಕ್ಕೆ ಒಡ್ಡುವುದರಿಂದ ಏನಾದರೂ ಲಾಭವಿದ್ದಿದ್ದರೆ ಆ ಲಾಭ ಕಾರಿನ ಬೆಲೆಯಲ್ಲೇ ಸೇರಿ ನಮಗೆ ಆಗಲೇ ಬಂದುಬಿಟ್ಟಿದೆ. ಹೊರಗಿನ ಅಯಸ್ಕಾಂತದ ಪಾಡು ನೋಡಿ: ಗಂಟೆಗೆ ನಾಲ್ಕು ಲೀಟರ್ ಇಂಧನ ಆರು ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಸೆಕೆಂಡಿಗೆ ನಾಲ್ಕು ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ, ಐದು ಸೆಂಟಿಮೀಟರ್ ಉದ್ದದ ಅಯಸ್ಕಾಂತದ ಕೆಳಗೆ ಅದು ಇರುವುದು ಒಂದೂಕಾಲು ಸೆಕೆಂಡು, ಆಮೇಲೆ ಎಂಜಿನ್ ತಲುಪುವಷ್ಟರಲ್ಲಿ ಇನ್ನೂ ಹಲವು ಸೆಕೆಂಡುಗಳು ಕಳೆದಿರುತ್ತವೆ. ಪೈಪು ಉಕ್ಕಿನದಾಗಿದ್ದರಂತೂ ಕಾಂತರೇಖೆಗಳು ಪೈಪಿನ ಗೋಡೆಯನ್ನೇ ಹಿಡಿದು ಸುತ್ತುವರಿದು ಹೋಗುವುದರಿಂದ ಒಳಗಿನ ಇಂಧನಕ್ಕೆ ತಲುಪುವ ಕ್ಷೇತ್ರ ಇನ್ನೂ ತೆಳುವಾಗುತ್ತದೆ.

ಕಾಂತಕ್ಷೇತ್ರ ಬೆಂಕಿಯ ಮೇಲೆ ಏನೂ ಮಾಡದು ಎಂದು ಹೇಳಿಬಿಡುವುದೂ ತಪ್ಪಾಗುತ್ತದೆ. ದೀಪದ ಜ್ವಾಲೆ ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಬಾಗುವುದನ್ನು ಇಟಲಿಯ ಬಂಕಲಾರಿ 1847ರಲ್ಲೇ ಕಂಡಿದ್ದ. ಸುದ್ದಿ ತಿಳಿದ ಮೈಕೇಲ್ ಫ್ಯಾರಡೆ ಅದೇ ವರ್ಷ ಪ್ರಯೋಗವನ್ನು ಮುಂದುವರಿಸಿದ. ಆಮ್ಲಜನಕವನ್ನು ಅಯಸ್ಕಾಂತ ಸೆಳೆಯುತ್ತದೆ ಎನ್ನುವುದು ಅದಕ್ಕೆ ಮುಖ್ಯ ಕಾರಣ. ಈ ಗುಣವನ್ನೇ ಬಳಸಿ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ಮಾಪಕಗಳು ಕಾರ್ಖಾನೆಗಳಲ್ಲಿ ಇವತ್ತಿಗೂ ಕೆಲಸ ಮಾಡುತ್ತಿವೆ. ಆದರೆ ಅಲ್ಲಿ ಅಯಸ್ಕಾಂತ ಇರುವುದು ಜ್ವಾಲೆಯ ಪಕ್ಕದಲ್ಲಿ. ಹಾಗೆಯೇ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ರೋಂಗ್‌ಜಿಯಾ ತಾವೊ 2006ರಲ್ಲಿ, ಕಚ್ಚಾ ತೈಲಕ್ಕೆ ವಿದ್ಯುತ್ ಅಥವಾ ಕಾಂತಕ್ಷೇತ್ರದ ಅಲ್ಪಾವಧಿಯ ಹೊಡೆತ ಕೊಟ್ಟರೆ ಅದು ಕೆಲ ಹೊತ್ತು ತೆಳ್ಳಗಾಗುತ್ತದೆ ಎಂದು ವರದಿ ಮಾಡಿದರು. ಕಚ್ಚಾ ತೈಲದಲ್ಲಿ ಮೇಣ ಮತ್ತು ಡಾಂಬರಿನಂಥ ಕಣಗಳು ತೇಲಾಡುತ್ತಿರುತ್ತವೆ, ಅವು ಒಟ್ಟುಗೂಡಿದರೆ ದ್ರವ ಸುಲಭವಾಗಿ ಹರಿಯುತ್ತದೆ ಎಂಬುದು ಅದರ ತರ್ಕ. ಸಂಸ್ಕರಿಸಿ ಸೋಸಿದ ಪೆಟ್ರೋಲಿನಲ್ಲಿ ಆ ಕಣಗಳಿಲ್ಲ. ತೈಲ ಸಾಗಿಸುವ ಕೊಳವೆಮಾರ್ಗದ ಸಂಶೋಧನೆಯನ್ನು ಸ್ಕೂಟರಿನ ರಬ್ಬರ್ ಪೈಪಿಗೆ ತಂದು ಅಂಟಿಸುವುದು ಜಾಹೀರಾತಿನ ಕೈಚಳಕ.

ಅಮೆರಿಕದಲ್ಲಿ ಈ ವಿಷಯ ನಿಯಂತ್ರಕರ ಮುಂದೆ ಹಲವು ಸಲ ಬಂದಿದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹಲವು ದಶಕಗಳಲ್ಲಿ, ಪೈಪಿಗೆ ಕಟ್ಟುವ ಅಯಸ್ಕಾಂತಗಳೂ ಸೇರಿ, ನೂರಕ್ಕೂ ಹೆಚ್ಚು ‘ಇಂಧನ ಉಳಿಸುವ’ ಸಾಧನಗಳನ್ನು ಪರಿಶೀಲಿಸಿದೆ; ಮೈಲೇಜನ್ನು ಗಮನಾರ್ಹವಾಗಿ ಹೆಚ್ಚಿಸುವ ಒಂದೂ ಸಿಗಲಿಲ್ಲ, ಕೆಲವು ಹೊಗೆಯನ್ನು ಹೆಚ್ಚಿಸಿದವು. ಶೇ. 27ರಷ್ಟು ಮೈಲೇಜ್ ಹೆಚ್ಚಿಸುವುದಾಗಿ ಹೇಳಿಕೊಂಡ ‘ಫ್ಯುಯೆಲ್‌ಮ್ಯಾಕ್ಸ್’ ಎಂಬ ಅಯಸ್ಕಾಂತದ ಮಾರಾಟಗಾರರ ವಿರುದ್ಧ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2004ರಲ್ಲಿ ನ್ಯಾಯಾಲಯಕ್ಕೆ ಹೋಗಿತ್ತು. ನಮ್ಮಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಪ್ಪುದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಇದೆ.

ಇಷ್ಟೆಲ್ಲ ಇದ್ದರೂ ‘ನಾನು ಹಾಕಿಸಿ ನೋಡಿದ್ದೇನೆ, ಮೈಲೇಜ್ ಹೆಚ್ಚಿದೆ’ ಎನ್ನುವವರು ಸಿಗುತ್ತಾರೆ, ಅವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿಲ್ಲ. ಅಯಸ್ಕಾಂತ ಹಾಕಿಸಲು ಗಾಡಿಯನ್ನು ಗ್ಯಾರೇಜಿಗೆ ಒಯ್ದ ದಿನವೇ ಏರ್ ಫಿಲ್ಟರ್ ಬದಲಾಗುತ್ತದೆ, ಟೈರಿಗೆ ಗಾಳಿ ತುಂಬುತ್ತದೆ. ಅಂದಿನಿಂದ ಚಾಲಕನ ಕಣ್ಣು ಮೈಲೇಜಿನ ಮೇಲೆ, ಕಾಲು ಆಕ್ಸಿಲರೇಟರಿನ ಮೇಲೆ ಮೃದುವಾಗಿ. ಬಂಕಿನಲ್ಲಿ ‘ಫುಲ್ ಟ್ಯಾಂಕ್’ ಎಂದರೆ ನಳಿಕೆ ತಾನಾಗಿ ನಿಲ್ಲುವ ಬಿಂದು, ಅದು ಗಾಡಿ ನಿಂತ ಓರೆ, ತುಂಬುವ ವೇಗ ಇವುಗಳ ಮೇಲೆ ಒಂದೆರಡು ಲೀಟರ್ ಅತ್ತಿತ್ತ ಆಗಬಹುದು. 35 ಲೀಟರಿನ ಟ್ಯಾಂಕಿನಲ್ಲಿ ಒಂದೂವರೆ ಲೀಟರ್ ಎಂದರೆ ಶೇ. 4ಕ್ಕೂ ಹೆಚ್ಚು. ಇದರ ಜೊತೆಗೆ, ಜನ ಇಂಥ ಸಾಧನ ಹುಡುಕುವುದು ಮೈಲೇಜ್ ತೀರ ಕೆಟ್ಟ ತಿಂಗಳಿನಲ್ಲಿ. ತೀರ ಕೆಟ್ಟದ್ದರ ನಂತರದ ತಿಂಗಳು ಏನೂ ಮಾಡದಿದ್ದರೂ ಸಾಮಾನ್ಯವಾಗಿ ಸ್ವಲ್ಪ ವಾಸಿಯಾಗಿಯೇ ಇರುತ್ತದೆ.

ಹೆಚ್ಚು ಯೋಚಿಸಬೇಕಾದದ್ದು ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟುಗಳ ಬಗ್ಗೆ. ಕರ್ನಾಟಕವೂ ಸೇರಿದಂತೆ ದೇಶದ ಮೆಕ್ಯಾನಿಕಲ್ ವಿಭಾಗಗಳಲ್ಲಿ ಇದು ಅಂತಿಮ ವರ್ಷದವರಿಗೆ ಅಗ್ಗದಲ್ಲಿ ಮುಗಿಯುವ ವಿಷಯ: ನಿಮಿಷಕ್ಕೆ 1500 ಸುತ್ತು ತಿರುಗುವ, ಐದು ಎಚ್‌ಪಿಯ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್, ಅದರ ಮೇಲೆ ಹೊರೆ ಹೇರಿ ಅಳೆಯಲು ಹಗ್ಗದ ಬ್ರೇಕ್ ಅಥವಾ ಡೈನಮೋಮೀಟರ್, ಇಂಧನ ಅಳೆಯಲು ಗೆರೆ ಹಾಕಿದ ಗಾಜಿನ ನಳಿಕೆ, ಅಂದರೆ ಬ್ಯುರೆಟ್, ಮತ್ತು ಸ್ಟಾಪ್‌ವಾಚ್. ಪೂರ್ಣ ಹೊರೆಯಲ್ಲಿ ಈ ಎಂಜಿನ್ 10 ಸಿಸಿ ಡೀಸೆಲ್ ಕುಡಿಯಲು ಸುಮಾರು 30 ಸೆಕೆಂಡು ತೆಗೆದುಕೊಳ್ಳುತ್ತದೆ. ಗುಂಡಿ ಒತ್ತುವ ಬೆರಳು ಅರ್ಧ ಸೆಕೆಂಡು ಹಿಂದುಮುಂದಾದರೆ, ಬ್ಯುರೆಟ್ಟಿನ ಗೆರೆಯನ್ನು ಕಣ್ಣು ಚೂರು ಮೇಲೆ ಕೆಳಗೆ ಓದಿದರೆ, ಶೇ. 2-3ರ ವ್ಯತ್ಯಾಸ ಅಲ್ಲಿಯೇ ಹುಟ್ಟುತ್ತದೆ.

ಅದಕ್ಕಿಂತ ದೊಡ್ಡ ದೋಷ ಕ್ರಮದಲ್ಲಿದೆ. ಮೊದಲು ಅಯಸ್ಕಾಂತವಿಲ್ಲದೆ ಅಳೆಯುತ್ತಾರೆ, ಊಟ ಮುಗಿಸಿ ಬಂದು ಅಯಸ್ಕಾಂತ ಕಟ್ಟಿ ಅಳೆಯುತ್ತಾರೆ, ಅಥವಾ ಬೆಳಿಗ್ಗೆಯಿಂದ ಒಂದೇ ಸಮನೆ ಓಡಿಸಿ ಕೊನೆಗೆ ಅಯಸ್ಕಾಂತದ ಸರದಿ ತರುತ್ತಾರೆ. ಇಂಥ ಎಂಜಿನ್ ಕಾದಂತೆಲ್ಲ ಆಯಿಲ್ ತೆಳ್ಳಗಾಗಿ ಘರ್ಷಣೆ ಇಳಿಯುತ್ತದೆ, ಅದೇ ಹೊರೆಗೆ ಡೀಸೆಲ್ ಕಡಿಮೆ ಸಾಕಾಗುತ್ತದೆ. ಕೋಣೆಯ ಗಾಳಿಯ ಉಷ್ಣತೆಯೂ ಅಷ್ಟರಲ್ಲಿ ಬದಲಾಗಿರುತ್ತದೆ. ಕೊನೆಗೆ ಅಳೆದದ್ದಕ್ಕೆ ಸಿಗುವ ಈ ಉಡುಗೊರೆ ಅಯಸ್ಕಾಂತದ ಖಾತೆಗೆ ಜಮೆಯಾಗುತ್ತದೆ. ಹೊಗೆಯ ಅಳತೆಯ ಕಥೆಯೂ ಇದೇ. ತಣ್ಣಗಿನ ಎಂಜಿನ್ ಹೆಚ್ಚು ಹೈಡ್ರೋಕಾರ್ಬನ್ ಉಗುಳುತ್ತದೆ, ಬಿಸಿಯಾದದ್ದು ಕಡಿಮೆ. ಶೇ. 10ರ ಉಳಿತಾಯವೆಂದು ಬರೆದ ಪ್ರಬಂಧದಲ್ಲಿ ಆ ಇಂಧನ ಮೊದಲು ಎಲ್ಲಿ ಹೋಗುತ್ತಿತ್ತು ಎಂಬ ಪ್ರಶ್ನೆಯನ್ನು ಮಾರ್ಗದರ್ಶಕರು ಒಮ್ಮೆ ಕೇಳಿದ್ದರೂ ಸಾಕಿತ್ತು. ಏನೂ ಸಿಗಲಿಲ್ಲ ಎಂದು ಬರೆದರೆ ಅಂಕ ಕಡಿಮೆಯಾದೀತು ಎಂಬ ಭಯ ವಿದ್ಯಾರ್ಥಿಗಳಿಗೆ ಇರುವವರೆಗೆ ಏನಾದರೊಂದು ಸಿಗುತ್ತಲೇ ಇರುತ್ತದೆ.

ಸರಿಯಾದ ಪರೀಕ್ಷೆಗೆ ಹೆಚ್ಚಿನ ಖರ್ಚೇನೂ ಇಲ್ಲ. ಲಾರಿಗಳ ಇಂಧನ ಬಳಕೆಯನ್ನು ಹೋಲಿಸುವವರು ಎರಡು ಒಂದೇ ಬಗೆಯ ವಾಹನಗಳನ್ನು ಒಂದೇ ದಾರಿಯಲ್ಲಿ ಒಟ್ಟಿಗೆ ಓಡಿಸಿ, ಒಂದಕ್ಕೆ ಮಾತ್ರ ಸಾಧನ ಕೂಡಿಸಿ, ಟ್ಯಾಂಕುಗಳನ್ನು ತಕ್ಕಡಿಯಲ್ಲಿ ತೂಗುತ್ತಾರೆ. ಕಾಲೇಜಿನಲ್ಲಿ ಬ್ಯುರೆಟ್ಟಿನ ಬದಲು ಡೀಸೆಲ್ ಕ್ಯಾನನ್ನು ಡಿಜಿಟಲ್ ತಕ್ಕಡಿಯ ಮೇಲೆ ಇಟ್ಟು ಪ್ರತಿ ಸಲ ಅರ್ಧ ಗಂಟೆಯ ಬಳಕೆಯನ್ನು ತೂಗಬಹುದು. ಎಂಜಿನ್ನನ್ನು ಒಂದು ಗಂಟೆ ಹೊರೆಯಲ್ಲಿ ಓಡಿಸಿ ಬಿಸಿ ಸ್ಥಿರವಾದ ಮೇಲೆ ಅಳತೆ ಆರಂಭಿಸಬಹುದು. ಒಂದೇ ಬಗೆಯ ಎರಡು ಮುಚ್ಚಿದ ಡಬ್ಬಿಗಳಲ್ಲಿ ಒಂದರಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ಅಷ್ಟೇ ತೂಕದ ಹಿತ್ತಾಳೆಯ ತುಂಡು ಇಟ್ಟು, ಯಾವ ಸರದಿಗೆ ಯಾವ ಡಬ್ಬಿ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ, ತಕ್ಕಡಿಯ ಅಂಕಿ ಬರೆದುಕೊಳ್ಳುವ ವಿದ್ಯಾರ್ಥಿಗೆ ಅದನ್ನು ಹೇಳದೆ ಇಪ್ಪತ್ತು ಸಲ ಅಳೆಯಬಹುದು. ಡಬ್ಬಿ ಕಟ್ಟುವವನಿಗೂ ಒಳಗೇನಿದೆ ಎಂದು ಗೊತ್ತಾಗಬಾರದು. ಹತ್ತಿರ ಉಕ್ಕಿನ ಸ್ಪ್ಯಾನರ್ ಇಲ್ಲದಂತೆ ನೋಡಿಕೊಂಡರೆ ಆಯಿತು.